ನೂರು ರೂಪಾಯಿ ಪೆಟ್ರೋಲ್: ಬಂಕಿನ ಮೀಟರ್ ಹಿಂದಿನ ಚರಿತ್ರೆ

ಭಾಗ 1/10
ಈ ಸರಣಿನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಹೋದ ತಿಂಗಳು ಒಂದು ಸೋಮವಾರ ಗಾಡಿಗೆ ನೂರು ರೂಪಾಯಿ ಪೆಟ್ರೋಲ್ ಹಾಕ್ಸಿದ್ದೆ. ನಮ್ಮೂರಿಂದ ಹಾಸನದ ಕಾಲೇಜಿಗೆ ಹೋಗಿ ಬರೋಕೆ ದಿನಕ್ಕೆ 14 ಕಿಲೋಮೀಟರ್. ನೂರು ರೂಪಾಯಿಗೆ ಮೂರು ದಿನ ಬರ್ಬೇಕು, ಅದು ನನ್ನ ಹಳೇ ಲೆಕ್ಕ. ಬುಧವಾರ ಬೆಳಗ್ಗೆ ಅರ್ಧ ದಾರೀಲೇ ಗಾಡಿ ನಿಂತೋಯ್ತು. ಅವತ್ತು ಇಂಟರ್ನಲ್ಸ್. ತಳ್ಕೊಂಡು ಹೋಗಿ ಮುಟ್ಟೋಷ್ಟರಲ್ಲಿ ಅರ್ಧ ಗಂಟೆ ತಡ. ಎರಡು ಪ್ರಶ್ನೆ ಬಿಟ್ಟು ಬಂದೆ.

ಸಂಜೆ ಸೀದಾ ಬಂಕಿಗೆ ಹೋದೆ. ಸೋಮವಾರ ಪೆಟ್ರೋಲ್ ಹಾಕಿದ್ದ ಹುಡುಗ ಅಲ್ಲೇ ಇದ್ದ. ಹೆಚ್ಚುಕಮ್ಮಿ ನನ್ನದೇ ವಯಸ್ಸು. ಹತ್ತು ಜನರ ಎದುರು "ಏನ್ ಗುರು, ಎಷ್ಟು ಹೊಡೀತೀರ ನೂರು ರೂಪಾಯೀಲಿ?" ಅಂದ್ಬಿಟ್ಟೆ. ಅವನು ವಾಪಸ್ ಬೈಲಿಲ್ಲ. "ಅಣ್ಣ, ಐದು ಲೀಟರ್ ಅಳತೆ ತರ್ತೀನಿ, ನೀವೇ ನೋಡಿ" ಅಂದ.

ಅಳತೆಯಲ್ಲಿ ಏನು ಬಂತು ಅನ್ನೋದು 4ನೇ ಭಾಗದಲ್ಲಿ. ಅದಕ್ಕಿಂತ ಮೊದಲು ಒಂದು ಪ್ರಶ್ನೆ: ನಾವು ಕೊಡೋ ನೂರು ರೂಪಾಯಿ, ನಮಗೆ ಸಿಗೋ ಪೆಟ್ರೋಲು, ಇವೆರಡನ್ನೂ ಯಾರು, ಯಾವಾಗಿಂದ, ಹೇಗೆ ಅಳೀತಿದ್ದಾರೆ? ಹುಡುಕ್ತಾ ಹೋದ್ರೆ ಒಂದು ಶತಮಾನದ ಕಥೆ ಸಿಕ್ತು. ಓದಿ.

ಭಾಗ 2/10
ಮೊದಲು ಅಳತೆ.

1885. ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಅನ್ನೋ ಊರು. ಅಲ್ಲಿ ಸಿಲ್ವೇನಸ್ ಬೌಸರ್ ಅನ್ನೋರು ಒಬ್ಬ ದಿನಸಿ ಅಂಗಡಿಯವನಿಗೆ ಒಂದು ಕೈಪಂಪು ಮಾಡಿಕೊಟ್ರು. ಸೀಮೆಎಣ್ಣೆ ಪೀಪಾಯಿ ಸೋರಿ ಪಕ್ಕದ ಬೆಣ್ಣೆಗೆಲ್ಲ ವಾಸನೆ ಹತ್ತುತ್ತಿತ್ತು, ಅದಕ್ಕೆ ಪರಿಹಾರವಾಗಿ ಈ ಪಂಪು ಹುಟ್ಟಿತು ಅಂತ ಕಥೆ. ಗಮನಿಸಿ, ಅದು ಪೆಟ್ರೋಲಿಗೆ ಮಾಡಿದ್ದಲ್ಲ, ದೀಪದ ಎಣ್ಣೆಗೆ. ಕಾರುಗಳು ಬಂದಮೇಲೆ ಅದೇ ಪಂಪು ಪೆಟ್ರೋಲಿಗೂ ಬಂತು. ಎಣ್ಣೆ ಸಾಗಿಸೋ ಟ್ಯಾಂಕರಿಗೆ ಇವತ್ತಿಗೂ ಎಷ್ಟೋ ಕಡೆ 'ಬೌಸರ್' ಅಂತಾರಲ್ಲ, ಅದು ಈ ಮನುಷ್ಯನ ಹೆಸರು.

ಪಂಪು ಬಂದ್ರೂ ಅನುಮಾನ ಹೋಗ್ಲಿಲ್ಲ. ನೆಲದ ಕೆಳಗಿಂದ ಪೈಪಿನಲ್ಲಿ ಬರೋದು ಎಷ್ಟು ಅಂತ ಗಿರಾಕಿಗೆ ಹೇಗೆ ಗೊತ್ತಾಗ್ಬೇಕು? ಅದಕ್ಕೆ ಸಿಕ್ಕ ಉತ್ತರ ತುಂಬ ಸರಳ: ಗಾಜು. ಪಂಪಿನ ತಲೆ ಮೇಲೆ ಎತ್ತರದಲ್ಲಿ ಒಂದು ಗಾಜಿನ ಸಿಲಿಂಡರ್, ಅದರ ಮೇಲೆ ಗೆರೆಗಳು. ಕೈಯಿಂದ ಪಂಪು ಹೊಡೆದು ಬೇಕಾದ ಗೆರೆವರೆಗೂ ಪೆಟ್ರೋಲ್ ಏರಿಸೋದು, ಗಿರಾಕಿ ಕಣ್ಣಾರೆ ನೋಡೋದು, ಆಮೇಲೆ ಕೊಳವೆ ಬಿಟ್ರೆ ತಾನಾಗೇ ಇಳಿದು ಟ್ಯಾಂಕಿಗೆ.

ಹಾಲಿನವನು ಪಾವು ತುಂಬಿಸಿ ತೋರಿಸಿ ಸುರಿಯೋದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ ನೋಡಿ. ಕಣ್ಣಿಗೆ ಕಂಡಿದ್ದೇ ನಂಬಿಕೆ.

ಭಾಗ 3/10
ಆಮೇಲೆ ಗಾಜು ಹೋಗಿ ಮೀಟರ್ ಬಂತು. ಆಗ ಪೆಟ್ರೋಲ್ ನಮ್ಮ ಕಣ್ಣಿಂದ ಮರೆಯಾಯ್ತು, ಅಂಕಿ ಮಾತ್ರ ಉಳೀತು.

ಈಗಿನ ಯಂತ್ರದ ಒಳಗೆ ಏನಾಗುತ್ತೆ? ನೆಲದಡಿ ಟ್ಯಾಂಕಿಂದ ಮೋಟಾರು ಪೆಟ್ರೋಲ್ ಎಳೆಯುತ್ತೆ. ದಾರಿಯಲ್ಲಿ ಕಸ ಸೋಸಿ, ಗಾಳಿ ಬೇರ್ಪಡಿಸ್ತಾರೆ, ಇಲ್ಲಾಂದ್ರೆ ಗಾಳಿಗೂ ದುಡ್ಡು ಕೊಟ್ಟಂಗಾಗುತ್ತೆ. ಆಮೇಲೆ ಬರೋದೇ ಮೀಟರ್. ಅದರಲ್ಲಿ ಪುಟ್ಟ ಪಿಸ್ಟನ್‌ಗಳು. ಪೆಟ್ರೋಲ್ ತಳ್ಳಿದಂಗೆ ಅವು ಓಡಾಡಿ ಒಂದು ದಂಡ ತಿರುಗುತ್ತೆ. ಒಂದು ಸುತ್ತಿಗೆ ಇಷ್ಟೇ ಪೆಟ್ರೋಲ್ ಅಂತ ನಿಗದಿ. ಆ ದಂಡಕ್ಕೆ 'ಪಲ್ಸರ್' ಅನ್ನೋ ಸಾಧನ ಕಟ್ಟಿರ್ತಾರೆ (ಬೈಕ್ ಅಲ್ಲ, ನಗ್ಬೇಡಿ). ಸುತ್ತು ತಿರುಗಿದಂಗೆ ಅದು ವಿದ್ಯುತ್ ಮಿಡಿತ ಕಳಿಸುತ್ತೆ. ಒಳಗಿನ ಬೋರ್ಡು ಮಿಡಿತ ಎಣಿಸಿ ಲೀಟರ್ ಮಾಡುತ್ತೆ, ಲೀಟರನ್ನ ಬೆಲೆಯಿಂದ ಗುಣಿಸಿ ರೂಪಾಯಿ ಮಾಡುತ್ತೆ.

ಹಾಗಾಗಿ "100ಕ್ಕೆ ಹಾಕಿಸಬೇಡ, 110ಕ್ಕೆ ಹಾಕಿಸು, 100ಕ್ಕೆ ಸೆಟ್ ಮಾಡಿರ್ತಾರೆ" ಅನ್ನೋ ಫಾರ್ವರ್ಡ್ ಮೆಸೇಜಿಗೆ ಅಷ್ಟೇನೂ ಅರ್ಥ ಇಲ್ಲ. ಮೀಟರಿನ ಎಣಿಕೆ ಸರಿ ಇದ್ರೆ ಎರಡಕ್ಕೂ ಸರಿ, ತಪ್ಪಿದ್ರೆ ಎರಡಕ್ಕೂ ತಪ್ಪು.

ಲೀಟರ್ ಅನ್ನೋದೂ ಇಲ್ಲಿ ಹೊಸಬನೇ. ನಮ್ಮ ತಾತಂದಿರ ಕಾಲದಲ್ಲಿ ಪೆಟ್ರೋಲ್ ಅಂದ್ರೆ ಗ್ಯಾಲನ್ ಲೆಕ್ಕ, ಒಂದು ಗ್ಯಾಲನ್ ಅಂದ್ರೆ ಸುಮಾರು 4.55 ಲೀಟರ್. 1956ರ ತೂಕ ಮತ್ತು ಅಳತೆ ಮಾನಕಗಳ ಕಾಯ್ದೆ ಬಂದಮೇಲೆ ಸೇರು, ಮಣ, ಗ್ಯಾಲನ್ ಎಲ್ಲ ಹಂತ ಹಂತವಾಗಿ ಹೋಗಿ ಕಿಲೋ, ಲೀಟರ್ ಬಂದ್ವು.

ಭಾಗ 4/10
ಈಗ ಆ ಐದು ಲೀಟರ್ ಅಳತೆ.

ಪ್ರತಿ ಬಂಕಿನಲ್ಲೂ ಕತ್ತು ಸಣ್ಣಗಿರೋ ಒಂದು ಲೋಹದ ಪಾತ್ರೆ ಇರಲೇಬೇಕು. ಅದಕ್ಕೆ ಸರ್ಕಾರಿ ಮುದ್ರೆ ಬಿದ್ದಿರುತ್ತೆ. ಕತ್ತಿನ ಹತ್ರ ಗೆರೆಗಳಿರೋ ಪಟ್ಟಿ, ಮಧ್ಯದಲ್ಲಿ ಸೊನ್ನೆ. ಯಂತ್ರದಲ್ಲಿ 5 ಲೀಟರ್ ಒತ್ತಿ ಅದಕ್ಕೆ ತುಂಬಿಸಿದ್ರೆ ಪೆಟ್ರೋಲ್ ಸೊನ್ನೆ ಗೆರೆಗೆ ನಿಲ್ಬೇಕು. ಮೇಲೆ ಅಥವಾ ಕೆಳಗೆ 25 ಮಿಲಿಲೀಟರ್ ತನಕ ಕಾನೂನು ಒಪ್ಪುತ್ತೆ, ಅಂದ್ರೆ 200 ಭಾಗದಲ್ಲಿ ಒಂದು ಭಾಗ. ಅದಕ್ಕಿಂತ ಕಮ್ಮಿ ಬಂದ್ರೆ ಆ ಯಂತ್ರದಿಂದ ಮಾರೋ ಹಾಗಿಲ್ಲ.

ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಬಂದು ಇದೇ ಥರ ಅಳೆದು, ಮೀಟರನ್ನ ತಿದ್ದೋ ಜಾಗಕ್ಕೆ ತಂತಿ ಕಟ್ಟಿ ಸೀಲ್ ಒತ್ತಿ ಹೋಗ್ತಾರೆ. ಸೀಲ್ ಒಡೆದ್ರೆ ಅಪರಾಧ. ಇದಕ್ಕೆ ಈಗಿರೋ ಕಾನೂನು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, ಜಾರಿಗೆ ಬಂದಿದ್ದು 2011ರ ಏಪ್ರಿಲ್ 1ಕ್ಕೆ.

ಆ ಹುಡುಗ ಅಳತೆ ಪಾತ್ರೆ ತಂದು ನನ್ನೆದುರೇ ತುಂಬಿಸಿದ. ನಾನು ಬಗ್ಗಿ ನೋಡಿದೆ. ಸೊನ್ನೆಗಿಂತ 10 ಮಿಲಿಲೀಟರ್ ಕೆಳಗೆ. ಅಂದ್ರೆ ನನ್ನ ನೂರು ರೂಪಾಯಿಗೆ ಹೆಚ್ಚೂಕಮ್ಮಿ 20 ಪೈಸೆ. ಕಾನೂನಿನ ಮಿತಿಯೊಳಗೆ.

"ಸರಿ ಇದೆ ಅಲ್ವಾ ಅಣ್ಣ?" ಅಂದ. ನಾನು ಹೂಂ ಅಂತ ಗೊಣಗಿ ಗಾಡಿ ಹತ್ತಿ ಬಂದೆ. ಸಾರಿ ಕೂಡ ಹೇಳ್ಲಿಲ್ಲ.

ಭಾಗ 5/10
ಹಾಗಂತ ಅನುಮಾನ ಪಡೋದೇ ತಪ್ಪು ಅಂತಲ್ಲ.

2017ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶ ಪೊಲೀಸರ ವಿಶೇಷ ಕಾರ್ಯಪಡೆ ಲಕ್ನೋದ ಬಂಕುಗಳ ಮೇಲೆ ದಾಳಿ ಮಾಡ್ತು. ಯಂತ್ರದೊಳಗೆ ಸಣ್ಣ ಎಲೆಕ್ಟ್ರಾನಿಕ್ ಚಿಪ್, ಅದನ್ನ ಆನ್ ಆಫ್ ಮಾಡೋಕೆ ರಿಮೋಟ್. ಪಿಸ್ಟನ್ ಕಳಿಸಿದ್ದಕ್ಕಿಂತ ಹೆಚ್ಚು ಮಿಡಿತ ಬೋರ್ಡಿಗೆ ಮುಟ್ಟೋ ಹಾಗೆ ಮಾಡಿದ್ರೆ ಸಾಕು, ಕಮ್ಮಿ ಪೆಟ್ರೋಲಿಗೆ ಜಾಸ್ತಿ ಲೀಟರ್ ಕಾಣುತ್ತೆ. ಅಧಿಕಾರಿ ಬಂದಾಗ ರಿಮೋಟ್ ಒತ್ತಿದ್ರೆ ಎಲ್ಲ ಸರಿ. ಅದೇ ವರ್ಷ ಮಹಾರಾಷ್ಟ್ರದಲ್ಲೂ ಇಂಥದ್ದೇ ಜಾಲ ಸಿಕ್ತು. ಗಾಜಿನ ಸಿಲಿಂಡರ್ ಕಾಲದಲ್ಲಿ ಈ ಥರ ಮೋಸ ಸಾಧ್ಯವೇ ಇರ್ಲಿಲ್ಲ, ಯೋಚನೆ ಮಾಡಿ.

ಅದಕ್ಕೆ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ:
• ಶುರುವಿಗೆ ಸೊನ್ನೆ ನೋಡಿ. ಬೆಲೆನೂ ನೋಡಿ.
• ಅನುಮಾನ ಬಂದ್ರೆ ಐದು ಲೀಟರ್ ಅಳತೆ ಕೇಳಿ. ಅದು ನಿಮ್ಮ ಹಕ್ಕು. ಅಳೆದ ಪೆಟ್ರೋಲ್ ವಾಪಸ್ ಟ್ಯಾಂಕಿಗೆ ಹೋಗುತ್ತೆ, ನೀವು ಕೊಳ್ಳಬೇಕಿಲ್ಲ.
• ಕಲಬೆರಕೆ ಅನುಮಾನ ಇದ್ರೆ ಫಿಲ್ಟರ್ ಪೇಪರ್ ಕೇಳಿ. ಒಂದು ಹನಿ ಹಾಕಿದ್ರೆ ಪೆಟ್ರೋಲ್ ಆರಿ ಹೋಗ್ಬೇಕು, ಕಲೆ ಉಳೀಬಾರದು.
• ಸಾಂದ್ರತೆಯ ಲೆಕ್ಕಾನೂ ಬಂಕಿನಲ್ಲಿ ಬರೆದಿಡ್ತಾರೆ, 15 ಡಿಗ್ರಿ ಉಷ್ಣತೆಗೆ ಪರಿವರ್ತಿಸಿ.

ಮತ್ತೆ "ಬೆಳಗಿನ ಜಾವ ಹಾಕಿಸಿದ್ರೆ ಜಾಸ್ತಿ ಬರುತ್ತೆ" ಅನ್ನೋ ಮಾತು? ಪೆಟ್ರೋಲ್ ಬಿಸಿಗೆ ಹಿಗ್ಗೋದು ನಿಜ, 10 ಡಿಗ್ರಿಗೆ ಸುಮಾರು ನೂರಕ್ಕೆ ಒಂದು ಭಾಗ. ಆದ್ರೆ ಟ್ಯಾಂಕು ನೆಲದೊಳಗಿದೆ. ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿ ಬಿಸಿ ಅಷ್ಟೆಲ್ಲ ಬದಲಾಗಲ್ಲ. ನಿದ್ದೆ ಕೆಡಿಸ್ಕೋಬೇಡಿ.

ಭಾಗ 6/10
ಅಳತೆ ಆಯ್ತು. ಈಗ ಬೆಲೆ.

ನಮ್ಮ ದೇಶದಲ್ಲಿ ಪೆಟ್ರೋಲ್ ಹೊಸದಲ್ಲ. ಅಸ್ಸಾಮಿನ ಡಿಗ್ಬೋಯ್‌ನಲ್ಲಿ 1889ರಲ್ಲೇ ಎಣ್ಣೆ ಸಿಕ್ತು, 1901ರಲ್ಲಿ ಸಂಸ್ಕರಣಾಗಾರ ಶುರುವಾಯ್ತು. ಆದ್ರೆ ಮಾರುಕಟ್ಟೆ ಬಹುಕಾಲ ವಿದೇಶಿ ಕಂಪನಿಗಳ ಕೈಲಿ, ಅದರಲ್ಲೂ 1928ರಲ್ಲಿ ಹುಟ್ಟಿದ ಬರ್ಮಾ ಶೆಲ್ ದೊಡ್ಡಣ್ಣ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬೆಲೆ ಕಟ್ಟೋ ಲೆಕ್ಕ ಹೀಗಿತ್ತು: ಹೊರದೇಶದ ಬಂದರಿನ ಬೆಲೆ, ಅದಕ್ಕೆ ಹಡಗಿನ ಬಾಡಿಗೆ, ವಿಮೆ, ಸುಂಕ, ಕಂಪನಿಯ ಪಾಲು. ಆಮದು ಮಾಡ್ಕೊಂಡ್ರೆ ಎಷ್ಟಾಗ್ತಿತ್ತೋ ಅಷ್ಟು. 1960ರಲ್ಲಿ ಸೋವಿಯತ್ ಒಕ್ಕೂಟ ಅಗ್ಗಕ್ಕೆ ಕಚ್ಚಾ ತೈಲ ಕೊಡ್ತೀವಿ ಅಂದಾಗ ಇಲ್ಲಿನ ವಿದೇಶಿ ಕಂಪನಿಗಳು ಅದನ್ನ ಸಂಸ್ಕರಿಸೋಕೆ ಒಪ್ಪಲಿಲ್ಲ. ಆಗಿನ ತೈಲ ಸಚಿವ ಕೆ.ಡಿ. ಮಾಳವೀಯ ಸರ್ಕಾರಿ ಕಂಪನಿ ಬೆಳೆಸೋಕೆ ಹಟ ಹಿಡಿದವರು. 1964ರಲ್ಲಿ ಇಂಡಿಯನ್ ಆಯಿಲ್ ಕಾರ್ಪೊರೇಷನ್ ಆಯ್ತು.

1973ರ ಕೊನೆಗೆ ಅರಬ್ ದೇಶಗಳ ಯುದ್ಧದ ಬೆನ್ನಲ್ಲೇ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯ್ತು. ಆ ನವೆಂಬರ್‌ನಲ್ಲಿ ಪೆಟ್ರೋಲ್ ಬೆಲೆ ವಿರೋಧಿಸಿ ಅಟಲ್ ಬಿಹಾರಿ ವಾಜಪೇಯಿ ಎತ್ತಿನಗಾಡಿ ಹತ್ತಿ ಸಂಸತ್ತಿಗೆ ಬಂದ್ರು. ಪೆಟ್ರೋಲಿಗೆ ಎತ್ತಿನಗಾಡಿ ಪ್ರತಿಭಟನೆ ನಮ್ಮ ಕಾಲದ್ದು ಅಂದ್ಕೊಂಡಿದ್ರಾ? ಅದಕ್ಕೆ 50 ದಾಟಿದೆ ವಯಸ್ಸು.

ಎಸ್ಸೋ 1974ರಲ್ಲಿ, ಬರ್ಮಾ ಶೆಲ್ 1976ರಲ್ಲಿ ಸರ್ಕಾರದ್ದಾದ್ವು. ಇವತ್ತಿನ ಎಚ್‌ಪಿ, ಭಾರತ್ ಪೆಟ್ರೋಲಿಯಂ ಹುಟ್ಟಿದ್ದು ಹಾಗೆ. ಬೆಲೆ ಇನ್ನು ಸರ್ಕಾರ ಹೇಳಿದ್ದು.

ಭಾಗ 7/10
ಸರ್ಕಾರ ಹೇಳಿದ ಬೆಲೆ ಅಂದ್ರೆ, ಕಂಪನಿಗೆ ಬಿದ್ದ ಖರ್ಚಿಗೂ ಬಂಕಿನ ಬೆಲೆಗೂ ನೇರ ನಂಟಿಲ್ಲ. ನಡುವೆ 'ತೈಲ ಪೂಲ್ ಖಾತೆ' ಅಂತ ಒಂದು ಹುಂಡಿ. ಕೆಲವು ಇಂಧನ ಮಾರಿ ಬಂದ ಹೆಚ್ಚುವರಿ ದುಡ್ಡು ಆ ಹುಂಡಿಗೆ, ಸೀಮೆಎಣ್ಣೆಯಂಥದ್ದನ್ನ ಅಗ್ಗಕ್ಕೆ ಕೊಟ್ಟ ನಷ್ಟ ಆ ಹುಂಡಿಯಿಂದ.

2002ರ ಏಪ್ರಿಲ್ 1ಕ್ಕೆ ಈ ಪದ್ಧತಿ ಕಾಗದದ ಮೇಲೆ ಮುಗೀತು, ಆದ್ರೆ ಹಿಡಿತ ಬಿಡ್ಲಿಲ್ಲ. ಬೆಲೆ ಏರಿಸದೆ ಕಂಪನಿಗಳಿಗೆ ಸಾಲಪತ್ರ ಬರೆದುಕೊಟ್ರು, 1.3 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅಂದ್ರೆ ಆವಾಗ ಗಾಡಿ ಓಡಿಸಿದವರ ಬಿಲ್ಲಿನ ಒಂದು ಭಾಗ ಮುಂದಿನವರ ತಲೆಗೆ. ಮುಂದಿನವರು ಅಂದ್ರೆ ನಾವೇ.

2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯನ್ನ, 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯನ್ನ ಮಾರುಕಟ್ಟೆಗೆ ಬಿಟ್ರು. 2017ರ ಜೂನ್ 16ರಿಂದ ದೇಶದಾದ್ಯಂತ ದಿನಾ ಬೆಳಗ್ಗೆ 6 ಗಂಟೆಗೆ ಹೊಸ ಬೆಲೆ.

ದಿನಾ ಬದಲಾಗ್ಬೇಕು ಅಲ್ವಾ? 2018ರ ಮೇ 12ಕ್ಕೆ ನಮ್ಮ ಕರ್ನಾಟಕ ವಿಧಾನಸಭೆಗೆ ಮತದಾನ. ಏಪ್ರಿಲ್ 24ರಿಂದ ಬೆಲೆ ಅಲ್ಲಾಡಲೇ ಇಲ್ಲ. ಹೊರಗಡೆ ಕಚ್ಚಾ ತೈಲ ಏರ್ತಾನೇ ಇತ್ತು. ಮೇ 14, ಸೋಮವಾರ, ಬೆಲೆ ಮತ್ತೆ ಏರೋಕೆ ಶುರು. ನಾವು ಆಗ ಹೈಸ್ಕೂಲು ಕೂಡ ಮುಟ್ಟಿರ್ಲಿಲ್ಲ, ಆದ್ರೆ ಮನೇಲಿ ಕೇಳಿ ನೋಡಿ, ನೆನಪಿರುತ್ತೆ.

ಇನ್ನೊಂದು. 2020ರ ಕೊರೊನಾ ಕಾಲದಲ್ಲಿ ಜಗತ್ತಿನಲ್ಲಿ ತೈಲ ಬೆಲೆ ಕುಸಿದು ಬಿತ್ತು. ಇಲ್ಲಿ ಕೇಂದ್ರ ಸರ್ಕಾರ ಮಾರ್ಚ್ ಮತ್ತು ಮೇ ಸೇರಿ ಪೆಟ್ರೋಲ್ ಮೇಲೆ ಲೀಟರಿಗೆ 13 ರೂಪಾಯಿ ಸುಂಕ ಏರಿಸ್ತು. ಇಳಿದ ಲಾಭ ಬಂಕಿನ ತನಕ ಬರಲೇ ಇಲ್ಲ.

ಭಾಗ 8/10
ಇಲ್ಲಿ ಒಂದು ಹಳೇ ಕೇಸು. ನನಗೆ ಈ ಇಡೀ ಹುಡುಕಾಟದಲ್ಲಿ ತುಂಬ ಇಷ್ಟ ಆಗಿದ್ದು ಇದೇ.

ಒಂದೇ ಲೀಟರಿಗೆ ಕೇಂದ್ರಾನೂ ತೆರಿಗೆ ಹಾಕುತ್ತೆ, ರಾಜ್ಯಾನೂ ಹಾಕುತ್ತೆ. ಯಾಕೆ?

1938. ಸೆಂಟ್ರಲ್ ಪ್ರಾವಿನ್ಸಸ್ ಮತ್ತು ಬೇರಾರ್, ರಾಜಧಾನಿ ನಾಗಪುರ. ಅಲ್ಲಿನ ಪ್ರಾಂತ ಸರ್ಕಾರ ಪೆಟ್ರೋಲಿನ ಚಿಲ್ಲರೆ ಮಾರಾಟದ ಮೇಲೆ 5% ತೆರಿಗೆ ಹಾಕೋ ಕಾನೂನು ಮಾಡ್ತು. ಕೇಂದ್ರ ಆಗ್ಲೇ ಪೆಟ್ರೋಲ್ ಮೇಲೆ ಅಬಕಾರಿ ಸುಂಕ ಹಾಕ್ತಿತ್ತು. "ಇದೂ ಅಬಕಾರಿ ಸುಂಕವೇ, ಬೇರೆ ಹೆಸರಲ್ಲಿ. ಅದು ನಮ್ಮ ಹಕ್ಕು" ಅನ್ನೋದು ಕೇಂದ್ರದ ವಾದ. "ತಯಾರಿಕೆ ಮೇಲಿನ ಸುಂಕ ನಿಮ್ಮದು, ಮಾರಾಟದ ಮೇಲಿನ ತೆರಿಗೆ ನಮ್ಮದು" ಅನ್ನೋದು ಪ್ರಾಂತದ ವಾದ.

ದೆಹಲಿಯಲ್ಲಿ ಆಗಷ್ಟೇ, 1937ರಲ್ಲಿ, ಫೆಡರಲ್ ಕೋರ್ಟ್ ಶುರುವಾಗಿತ್ತು, ಇವತ್ತಿನ ಸುಪ್ರೀಂ ಕೋರ್ಟಿನ ಹಿಂದಿನ ರೂಪ. ಅದರ ಮುಂದೆ ಬಂದ ಮೊದಲ ಪ್ರಶ್ನೆಯೇ ಇದು! ಮುಖ್ಯ ನ್ಯಾಯಮೂರ್ತಿ ಮಾರಿಸ್ ಗ್ವಾಯರ್ ಮತ್ತು ಜೊತೆಯವರು ಪ್ರಾಂತದ ಕಡೆ ಅಭಿಪ್ರಾಯ ಕೊಟ್ರು: ಚಿಲ್ಲರೆ ಮಾರಾಟದ ಮೇಲೆ ತೆರಿಗೆ ಹಾಕೋದು ಪ್ರಾಂತದ ಅಧಿಕಾರ.

ಆ ಗೆರೆ ಸಂವಿಧಾನಕ್ಕೂ ಬಂತು. ಅಬಕಾರಿ ಕೇಂದ್ರದ ಪಟ್ಟಿಯಲ್ಲಿ, ಮಾರಾಟ ತೆರಿಗೆ ರಾಜ್ಯದ ಪಟ್ಟಿಯಲ್ಲಿ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಬಿಸ್ಕತ್ತಿಂದ ಬೈಕ್ ತನಕ ಎಲ್ಲ ಒಳಗೆ ಹೋಯ್ತು. ಪೆಟ್ರೋಲ್, ಡೀಸೆಲ್ ಹೊರಗೇ ಉಳಿದ್ವು. ಯಾವಾಗ ಸೇರಿಸಬೇಕು ಅಂತ ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಬೇಕು ಅಂತ ಸಂವಿಧಾನದಲ್ಲೇ ಬರೆದಿದೆ. ಕೇಂದ್ರಕ್ಕೂ ಬಿಡೋಕೆ ಮನಸ್ಸಿಲ್ಲ, ರಾಜ್ಯಕ್ಕೂ ಇಲ್ಲ.

ಭಾಗ 9/10
ಈಗ ಲೆಕ್ಕ. ಕ್ಯಾಲ್ಕುಲೇಟರ್ ತಗೊಳ್ಳಿ.

2025ರ ಏಪ್ರಿಲ್‌ನ ಪರಿಸ್ಥಿತಿ ಹೇಳ್ತೀನಿ. ಬೆಂಗಳೂರಲ್ಲಿ ಪೆಟ್ರೋಲ್ 103ರ ಆಸುಪಾಸು. ಅದರಲ್ಲಿ ಕೇಂದ್ರದ ಸುಂಕ 21 ರೂಪಾಯಿ 90 ಪೈಸೆ. ಕರ್ನಾಟಕದ ಮಾರಾಟ ತೆರಿಗೆ 29.84%. ಇದನ್ನ 2024ರ ಜೂನ್ 15ಕ್ಕೆ 25.92%ರಿಂದ ಏರಿಸಿದ್ರು, ಒಂದೇ ರಾತ್ರಿಗೆ ಲೀಟರಿಗೆ 3 ರೂಪಾಯಿ ಹೆಚ್ಚಾಯ್ತು. ರಾಜ್ಯದ ತೆರಿಗೆ ಕೇಂದ್ರದ ಸುಂಕ ಸೇರಿದ ಬೆಲೆ ಮೇಲೆ ಬೀಳುತ್ತೆ, ಅಂದ್ರೆ ತೆರಿಗೆ ಮೇಲೆ ತೆರಿಗೆ. ಅಂದಾಜು 23 ರೂಪಾಯಿ. ಎರಡೂ ಸೇರಿ ಲೀಟರಿಗೆ ಸುಮಾರು 45.

ಒಂದು ಸೂಕ್ಷ್ಮ ಇದೆ. ಕೇಂದ್ರದ ಆ 21.90ರಲ್ಲಿ ರಾಜ್ಯಗಳ ಜೊತೆ ಹಂಚ್ಕೋಬೇಕಾದ ಮೂಲ ಅಬಕಾರಿ ಸುಂಕ ಬರೀ 1 ರೂಪಾಯಿ 40 ಪೈಸೆ. ಉಳಿದಿದ್ದೆಲ್ಲ ವಿಶೇಷ ಸುಂಕ, ಸೆಸ್, ಹಂಚೋ ಹಾಗಿಲ್ಲ. "ಕೇಂದ್ರ ಕೊಡಲ್ಲ" ಅಂತ ರಾಜ್ಯ, "ರಾಜ್ಯ ಇಳಿಸಲ್ಲ" ಅಂತ ಕೇಂದ್ರ. ಇಬ್ಬರ ಮಾತಲ್ಲೂ ಅರ್ಧ ಸತ್ಯ ಇದೆ. ಆ ದುಡ್ಡಲ್ಲೇ ರಸ್ತೆ, ಶಾಲೆ, ನಮ್ಮ ಸ್ಕಾಲರ್‌ಶಿಪ್ ಬರೋದು ಅನ್ನೋದೂ ಸತ್ಯ. ಆದ್ರೆ ಬಡವ, ಶ್ರೀಮಂತ ಇಬ್ಬರೂ ಲೀಟರಿಗೆ ಒಂದೇ ತೆರಿಗೆ ಕಟ್ತಾರೆ ಅನ್ನೋದನ್ನ ಮರೀಬೇಡಿ. ಆಟೋ ಓಡಿಸೋರಿಗೂ ಅಷ್ಟೇ, ದೊಡ್ಡ ಕಾರಿನವರಿಗೂ ಅಷ್ಟೇ.

ಊರಿಂದ ಊರಿಗೆ ಬೆಲೆ ಬೇರೆ ಯಾಕೆ? ಸಾಗಾಟ. ಮಂಗಳೂರಲ್ಲಿ ಸಂಸ್ಕರಣಾಗಾರ ಇದೆ, ಅಲ್ಲಿಂದ ನಮ್ಮ ಹಾಸನದ ಮೇಲೆ ಬೆಂಗಳೂರಿಗೆ ನೆಲದಡಿ ಪೈಪ್‌ಲೈನ್. ಹಾಗಾಗಿ ಮಂಗಳೂರಲ್ಲಿ ಸಾಮಾನ್ಯವಾಗಿ ಬೆಂಗಳೂರಿಗಿಂತ ಸ್ವಲ್ಪ ಅಗ್ಗ.

ಹೋಲಿಸಿ ನೋಡಿ. ಅಳತೆಯಲ್ಲಿ ನನಗೆ ಕಮ್ಮಿ ಬಿದ್ದಿದ್ದು 20 ಪೈಸೆ. ತೆರಿಗೆಗೆ ಹೋಗಿದ್ದು 44 ರೂಪಾಯಿ ಹತ್ತಿರ. ನಾನು ಜಗಳ ಆಡಿದ್ದು ಯಾವುದಕ್ಕೆ?

ಭಾಗ 10/10
ಇನ್ನೂ ಒಂದು ವಿಷಯ ಮೀಟರಿಗೆ ಕಾಣಲ್ಲ. ಮೀಟರ್ ಅಳೆಯೋದು ಗಾತ್ರ, ಶಕ್ತಿ ಅಲ್ಲ.

2023ರ ಫೆಬ್ರವರಿ 6ಕ್ಕೆ ಬೆಂಗಳೂರಲ್ಲೇ ಪ್ರಧಾನಿ ಇ20 ಪೆಟ್ರೋಲ್ ಬಿಡುಗಡೆ ಮಾಡಿದ್ರು. ಅಂದ್ರೆ ನೂರರಲ್ಲಿ 20 ಭಾಗ ಎಥನಾಲ್. ಕಬ್ಬು, ಧಾನ್ಯದಿಂದ ಬರೋದು, ಆಮದು ಕಮ್ಮಿ ಮಾಡುತ್ತೆ, ರೈತರಿಗೂ ಮಾರುಕಟ್ಟೆ. ಆದ್ರೆ ಒಂದು ಲೀಟರ್ ಎಥನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ ಶಕ್ತಿ. ಹಳೇ ಗಾಡಿಗಳ ಮೈಲೇಜು ಸ್ವಲ್ಪ ಇಳಿಯುತ್ತೆ ಅಂತ ನೀತಿ ಆಯೋಗದ 2021ರ ವರದಿನೇ ಒಪ್ಪಿದೆ: ದ್ವಿಚಕ್ರಕ್ಕೆ 3ರಿಂದ 4%, ಕಾರುಗಳಿಗೆ 6ರಿಂದ 7%. ಲೀಟರ್ ಅದೇ ಲೀಟರ್, ಓಡೋ ದೂರ ಮಾತ್ರ ಸ್ವಲ್ಪ ಬೇರೆ.

ಹಾಗಾದ್ರೆ ನನ್ನ ಗಾಡಿ ನಿಂತಿದ್ದು ಇದಕ್ಕಾ? ಇಲ್ಲ. ಇದೆಲ್ಲ ಓದಿ ಲೆಕ್ಕ ಹಾಕ್ತಾ ಕೂತಿದ್ದಾಗ ಅಪ್ಪ ಕೇಳಿದ್ರು, "ಏನೋ ಅದು?" ಹೇಳಿದೆ. "ಮಂಗಳವಾರ ಬೆಳಗ್ಗೆ ನಾನೇ ತೋಟಕ್ಕೆ ತಗೊಂಡು ಹೋಗಿದ್ನಲ್ಲೋ, ಗೊಬ್ಬರ ತರೋಕೆ. ನೀನು ಮಲಗಿದ್ದೆ" ಅಂದ್ರು.

ಮಾರನೇ ದಿನ ಬಂಕಿಗೆ ಹೋದೆ. ಆ ಹುಡುಗ ಇದ್ದ. "ಅವತ್ತು ತಪ್ಪಾಯ್ತು, ಬೈದಿದ್ದು ನನ್ನದೇ ತಪ್ಪು" ಅಂದೆ. ಅವನು ನಕ್ಕ. "ದಿನಾ ಒಬ್ಬರಾದ್ರೂ ಬೈತಾರೆ ಬಿಡಿ ಅಣ್ಣ. ಬೆಲೆ ಏರಿದ್ರೂ ನಮಗೇ ಬೈತಾರೆ, ನಾವೇನೋ ಏರಿಸಿದಂಗೆ. ಎಷ್ಟಕ್ಕೆ?"

"ನೂರು."

"ಸೊನ್ನೆ ನೋಡ್ಕೊಳ್ಳಿ."

ನೋಡ್ಕೊಂಡೆ. ನೀವೂ ನೋಡ್ಕೊಳ್ಳಿ, ಅಳತೆ ಕೇಳೋಕೆ ಹಿಂಜರೀಬೇಡಿ. ಆದ್ರೆ ಕೇಳೋದನ್ನ ಮರ್ಯಾದೆಯಿಂದ ಕೇಳಿ. ಬೆಲೆ ಬಗ್ಗೆ ಪ್ರಶ್ನೆ ಇದ್ರೆ ಅದನ್ನ ಕೊಳವೆ ಹಿಡಿದವನಿಗಲ್ಲ, ವೋಟು ಕೇಳೋಕೆ ಬರೋರಿಗೆ ಕೇಳಿ. ಎರಡೂ ಕಡೆಯವರಿಗೆ.

ನಿಮ್ಮೂರಲ್ಲಿ ಇವತ್ತು ಲೀಟರಿಗೆ ಎಷ್ಟು? ಮನೆ ಹಿರಿಯರಿಗೆ ನೆನಪಿರೋ ಹಳೇ ಬೆಲೆ ಎಷ್ಟು? ಎರಡನ್ನೂ ಕೆಳಗೆ ಬರೀರಿ. ಗಾಡಿ ಇರೋ ಗೆಳೆಯರಿಗೆ ಕಳಿಸಿ.

#ಕನ್ನಡದಲ್ಲಿಚರಿತ್ರೆ #ಪೆಟ್ರೋಲ್ #ನಮ್ಮಹಾಸನ #ಸೊನ್ನೆನೋಡ್ಕೊಳ್ಳಿ